ಹದಿನಾಲ್ಕರಲ್ಲಿ ಬರೆದಿಟ್ಟ ಗುಣ

1950ರಲ್ಲಿ ಸ್ಕಾಟ್ಲೆಂಡಿನ ಮೇಷ್ಟ್ರುಗಳಿಗೆ ಒಂದು ವಿಚಿತ್ರ ಕೆಲಸ ಬಂತು. ತಮ್ಮ ಕೈಕೆಳಗಿನ ಕೆಲವು ಮಕ್ಕಳ ಆರು ಗುಣಗಳನ್ನು ಅವರು ಅಳೆದು ಬರೆಯಬೇಕಿತ್ತು: ಆತ್ಮವಿಶ್ವಾಸ, ಹಿಡಿದದ್ದನ್ನು ಬಿಡದ ಛಲ, ಮನಸ್ಸಿನ ಸ್ತಿಮಿತ, ಕರ್ತವ್ಯನಿಷ್ಠೆ, ಸ್ವಂತಿಕೆ, ಮುಂದೆ ಬರುವ ಹಂಬಲ. ಒಟ್ಟು 1,208 ಮಕ್ಕಳು, ಎಲ್ಲರಿಗೂ ಹದಿನಾಲ್ಕರ ಪ್ರಾಯ. ಅವರನ್ನು ಆರಿಸಿದ್ದು ಹುಟ್ಟಿದ ದಿನ. 1936ರ ಫೆಬ್ರವರಿ, ಏಪ್ರಿಲ್, ಜೂನ್ ಹೀಗೆ ಸಮಸಂಖ್ಯೆಯ ತಿಂಗಳುಗಳ ಮೊದಲ ತಾರೀಖಿನಂದು ಹುಟ್ಟಿದವರು ಇವರು. ಒಂದು ದಿನ ತಡವಾಗಿ ಕಣ್ಣುಬಿಟ್ಟ ಕೂಸು ಈ ಕತೆಯೊಳಗೆ ಬರಲೇ ಇಲ್ಲ.

1963ರವರೆಗೂ ಅವರ ಬದುಕಿನ ವಿವರ ಸಂಗ್ರಹವಾಯಿತು. ಆಮೇಲೆ ಕೇಳುವವರಿರಲಿಲ್ಲ. ಮೇಷ್ಟ್ರುಗಳು ತೀರಿಕೊಂಡರು, ಮಕ್ಕಳು ಅಜ್ಜ ಅಜ್ಜಿಯರಾದರು.

1990ರ ದಶಕದ ಕೊನೆಯಲ್ಲಿ ಲಾರೆನ್ಸ್ ವ್ಹಾಲಿ ಮತ್ತು ಇಯಾನ್ ಡಿಯರಿ ಎಂಬ ಸಂಶೋಧಕರು ಸ್ಕಾಟ್ಲೆಂಡಿನ ಹಳೆಯ ಬುದ್ಧಿಪರೀಕ್ಷೆಗಳ ಲೆಡ್ಜರುಗಳನ್ನು ಹುಡುಕಿ ತೆಗೆದರು. ಧೂಳು ಕೊಡವಿದ ಆ ಹುರುಪು ಕೊನೆಗೆ ಈ 1,208 ಮಂದಿಯ ಬಾಗಿಲಿಗೂ ಬಂತು. ಆದರೆ ಆ ಬಾಗಿಲು ಎಲ್ಲಿದೆ? ಹುಡುಗಿಯರು ಮದುವೆಯಾಗಿ ಮನೆತನದ ಹೆಸರು ಬದಲಿಸಿಕೊಂಡಿದ್ದರು. ಎಷ್ಟೋ ಮಂದಿ ಬದುಕಿರಲಿಲ್ಲ. ಸರ್ಕಾರಿ ಆರೋಗ್ಯಸೇವೆಯ ದಾಖಲೆಗಳನ್ನು ಜಾಲಾಡಿ, 2012ರ ಹೊತ್ತಿಗೆ 635 ಮಂದಿಯ ಸುಳಿವು ಹಿಡಿದರು. ಒಪ್ಪಿಕೊಂಡವರು 174 ಜನ. ಅಷ್ಟೇ. ಅರವತ್ತು ವರ್ಷ ದಾಟಿ ಉಳಿದುಬಂದ ಆ 174 ಉತ್ತರಗಳ ಬೆಲೆ ಮಾತ್ರ ಸಣ್ಣದಲ್ಲ.

ಎಪ್ಪತ್ತೇಳರ ಹಿರಿಯರು ಅದೇ ಆರು ಗುಣಗಳಿಗೆ ತಮ್ಮನ್ನು ತಾವೇ ಅಳೆದುಕೊಂಡರು. ಅವರನ್ನು ಹತ್ತಿರದಿಂದ ಬಲ್ಲ ಒಬ್ಬೊಬ್ಬರಿಂದಲೂ ಅಂಕ ಹಾಕಿಸಲಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂಬಷ್ಟು ಗಟ್ಟಿ ನಂಬಿಕೆ ಇಲ್ಲದಿದ್ದರೂ, ಹಳೆಯ ಅಂಕಕ್ಕೂ ಹೊಸ ಅಂಕಕ್ಕೂ ಒಂದಿಷ್ಟು ನಂಟು ಸಿಕ್ಕೇ ಸಿಗುತ್ತದೆಂದು ಸಂಶೋಧಕರು ಕಾದಿದ್ದರು. ಕೆಲವೇ ದಶಕಗಳ ಅಂತರದ ಅಧ್ಯಯನಗಳಲ್ಲಿ ಅದು ಸಿಕ್ಕಿತ್ತು.

ಇಲ್ಲಿ ಸಿಗಲಿಲ್ಲ. ಮ್ಯಾಥ್ಯೂ ಹ್ಯಾರಿಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮೇಷ್ಟ್ರು ಕಂಡ ಹುಡುಗನಿಗೂ ಈಗಿನ ಅಜ್ಜನಿಗೂ ಆರರಲ್ಲಿ ಒಂದು ಗುಣದಲ್ಲೂ ಖಚಿತವಾದ ಸಂಬಂಧ ಕಾಣಲಿಲ್ಲ. ಅವರು ಅಲ್ಲಿಗೇ ಬಿಡಲಿಲ್ಲ, ಅದೇ ಈ ಕತೆಯ ಹಿರಿಮೆ. ಅಂದು ಅಳೆದವರು ಮೇಷ್ಟ್ರು, ಇಂದು ಅಳೆದವರು ಬೇರೆಯವರು. ಕಣ್ಣು ಬದಲಾದರೆ ಅಳತೆಯೂ ಬದಲಾದೀತು. ಆ ವ್ಯತ್ಯಾಸವನ್ನು ಕಳೆದು ಮತ್ತೆ ಲೆಕ್ಕ ಹಾಕಿದಾಗ ಒಂದು ಎಳೆ ಗೋಚರಿಸಿತು: ಮನಸ್ಸಿನ ಸ್ತಿಮಿತ. ಕರ್ತವ್ಯನಿಷ್ಠೆ ಅದರ ಹಿಂದೆಯೇ ಇತ್ತು, ಆದರೆ ಖಚಿತವೆನ್ನುವಷ್ಟು ಅಲ್ಲ.

ವ್ಯಕ್ತಿತ್ವ ಒಂದೇ ಏಟಿಗೆ ತಿರುಗಿ ನಿಲ್ಲುವುದಿಲ್ಲ. ಒಂದೊಂದು ದಶಕವೂ ಅದನ್ನು ತುಸುವೇ ಸರಿಸುತ್ತದೆ. ಆರು ದಶಕಗಳ ಆ ತುಸು ತುಸು ಒಟ್ಟುಗೂಡಿದಾಗ, ಹದಿನಾಲ್ಕರ ಅಂಕಪಟ್ಟಿ ಹಿಡಿದು ಎಪ್ಪತ್ತೇಳರ ಮನುಷ್ಯನನ್ನು ಗುರುತಿಸುವುದು ಹೆಚ್ಚುಕಡಿಮೆ ಅಸಾಧ್ಯವಾಗುತ್ತದೆ.