ರಣಹದ್ದಿನ ತೇಲುಹಾರಾಟ

ಬೇಸಗೆಯ ನಡುಹಗಲಿನಲ್ಲಿ ಹದ್ದೊಂದು ರೆಕ್ಕೆಗಳನ್ನು ಚಾಚಿ, ಒಮ್ಮೆಯೂ ಬಡಿಯದೆ, ಸುತ್ತು ಸುತ್ತುತ್ತ ಮೇಲೇರುವ ನೋಟ ನಮ್ಮ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದುದು. ಗಾಳಿಗಿಂತ ಎಷ್ಟೋ ಪಾಲು ಭಾರವಾದ ಪ್ರಾಣಿ ಶ್ರಮಪಡದೆ ಮೇಲಕ್ಕೆ ಹೋಗುವುದು ಹೇಗೆ ಎಂಬುದನ್ನು ರಣಹದ್ದಿನ ಉದಾಹರಣೆಯಿಂದ ಇಲ್ಲಿ ವಿವೇಚಿಸುವೆವು.

ಮೊದಲು ರೆಕ್ಕೆಯ ಕೆಲಸವನ್ನು ತಿಳಿಯಬೇಕು. ಮುಂದಕ್ಕೆ ಚಲಿಸುವ ರೆಕ್ಕೆ ತನ್ನ ಬಾಗಿದ ಆಕಾರದಿಂದಲೂ ತುಸು ಓರೆಯಾದ ನಿಲುವಿನಿಂದಲೂ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಆಗ ರೆಕ್ಕೆಯ ಮೇಲ್ಬದಿಯಲ್ಲಿ ಒತ್ತಡ ಕಡಿಮೆಯಾಗಿಯೂ ಕೆಳಬದಿಯಲ್ಲಿ ಹೆಚ್ಚಾಗಿಯೂ ಇದ್ದು, ಹಕ್ಕಿಯನ್ನು ಎತ್ತುವ ಬಲ ಹುಟ್ಟುತ್ತದೆ. ಈ ಬಲಕ್ಕೆ ವೇಗ ಬೇಕು. ಗುಬ್ಬಿ, ಪಾರಿವಾಳಗಳು ರೆಕ್ಕೆ ಬಡಿದು ಅದನ್ನು ಗಳಿಸುತ್ತವೆ. ರೆಕ್ಕೆ ಬಡಿಯದ ಹಕ್ಕಿಯಾದರೋ ಇಳಿಜಾರಿನಲ್ಲಿ ಉರುಳುವ ಬಂಡಿಯಂತೆ, ಎತ್ತರವನ್ನು ವ್ಯಯಮಾಡಿ ವೇಗವನ್ನು ಪಡೆಯುತ್ತದೆ. ಇದೇ ಜಾರುಹಾರಾಟ. ನಿಶ್ಚಲವಾದ ಗಾಳಿಯಲ್ಲಿ ಇದರ ಕೊನೆ ನೆಲವೇ.

ನಮ್ಮ ರಣಹದ್ದುಗಳ ಆಫ್ರಿಕದ ಬಂಧುವೊಂದನ್ನು ಪೆನ್ನಿಕ್ವಿಕ್ ಎಂಬ ವಿಜ್ಞಾನಿ ಯಂತ್ರ ಜೋಡಿಸಿದ ಗ್ಲೈಡರಿನಲ್ಲಿ ಕುಳಿತು ಹಿಂಬಾಲಿಸಿ, ಅದರ ಹಾರಾಟವನ್ನು ಅಳೆದು 1971ರಲ್ಲಿ ಪ್ರಕಟಿಸಿದನು. ಅದು 1 ಮೀಟರು ಇಳಿಯುವಷ್ಟರಲ್ಲಿ ಸುಮಾರು 15 ಮೀಟರು ಮುಂದೆ ಸಾಗಬಲ್ಲದು; ಆಗ ಅದರ ವೇಗ ಸೆಕೆಂಡಿಗೆ 13 ಮೀಟರು. ಅಂದರೆ ಅದು ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆ ಇಳಿಯುತ್ತದೆ. ಸುತ್ತಲಿನ ಗಾಳಿಯೇ ಇದಕ್ಕಿಂತ ಹೆಚ್ಚು ವೇಗದಿಂದ ಮೇಲೇರುತ್ತಿದ್ದರೆ, ಗಾಳಿಯೊಳಗೆ ಇಳಿಯುತ್ತಿರುವ ಹಕ್ಕಿ ನೆಲದಿಂದ ನೋಡುವವರಿಗೆ ಏರುತ್ತಿರುವಂತೆ ಕಾಣುವುದು. ವಾಸ್ತವವಾಗಿ ಏರುತ್ತಲೇ ಇರುವುದು! ಸಮಸ್ಯೆಯ ತಿರುಳು ಇಷ್ಟೇ.

ಮೇಲೇರುವ ಗಾಳಿ ಎಲ್ಲಿಂದ ಬರುತ್ತದೆ? ಬಂಡೆ, ಉತ್ತ ಹೊಲ, ಬರಿಯ ನೆಲ ಇವು ಬಿಸಿಲಿಗೆ ಬೇಗ ಕಾಯುತ್ತವೆ; ಕೆರೆ, ಕಾಡು ನಿಧಾನವಾಗಿ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಕಂಬದಂತೆ ಮೇಲೇಳುತ್ತದೆ. ಈ ಕಂಬದ ಹೊರಗೆ ಹೋಗದಿರಲೆಂದೇ ಹಕ್ಕಿ ವೃತ್ತವಾಗಿ ಸುತ್ತುವುದು. ಗಾಳಿ ಸೆಕೆಂಡಿಗೆ 3 ಮೀಟರಿನಂತೆ ಏರುತ್ತಿದ್ದು, ಸುತ್ತುವ ಹಕ್ಕಿ 1 ಮೀಟರಿನಂತೆ ಇಳಿಯುತ್ತಿದ್ದರೆ, ಉಳಿಯುವ ಲಾಭ 2 ಮೀಟರು. ಎಂಟು ನಿಮಿಷ ಮಿಕ್ಕುವಷ್ಟರಲ್ಲಿ ಅದು 1000 ಮೀಟರು ಎತ್ತರದಲ್ಲಿರುತ್ತದೆ. ಅಲ್ಲಿಂದ ಜಾರತೊಡಗಿದರೆ 15 ಕಿಲೋಮೀಟರು ದೂರವನ್ನು ಇಪ್ಪತ್ತು ನಿಮಿಷದೊಳಗೆ ಕ್ರಮಿಸಬಲ್ಲದು. ದಾರಿಯಲ್ಲಿ ಇನ್ನೊಂದು ಕಂಬ ಸಿಕ್ಕಿದರೆ ಮತ್ತೆ ಏರುವುದು. ಬೆಟ್ಟದ ಕಡಿದಾದ ಪಾರ್ಶ್ವಕ್ಕೆ ಬಡಿದ ಗಾಳಿಯೂ ಮೇಲಕ್ಕೆ ತಿರುಗುವುದರಿಂದ, ರಾಮನಗರದಂಥ ಬಂಡೆಗುಡ್ಡಗಳು ಈ ಹಕ್ಕಿಗೆ ಎರಡು ಬಗೆಯಲ್ಲಿ ಅನುಕೂಲ.

ಹೀಗಾಗಿ ರಣಹದ್ದು ಬೆಳಗಾಗುತ್ತಲೇ ಹೊರಡುವ ಹಕ್ಕಿಯಲ್ಲ. ನೆಲ ಕಾಯುವ ತನಕ ಬಂಡೆಯ ಅಂಚಿನಲ್ಲಿ ಕುಳಿತು ಕಾಯುತ್ತದೆ. ಆಗ್ರಾದಲ್ಲಿ ಹಾನ್ಕಿನ್ ಎಂಬ ವಿಜ್ಞಾನಿ ಈ ವಿಷಯವನ್ನು ಗಡಿಯಾರ ಹಿಡಿದು ಗಮನಿಸಿ 1913ರಲ್ಲಿ ಗ್ರಂಥವನ್ನು ಹೊರತಂದನು. ರೆಕ್ಕೆಯ ವಿಸ್ತಾರಕ್ಕೆ ಹೋಲಿಸಿದರೆ ಹಗುರವಾದ ಹದ್ದು ಮೊದಲು ತೇಲತೊಡಗುತ್ತದೆ, ಭಾರವಾದ ರಣಹದ್ದು ತಡವಾಗಿ. ಇಷ್ಟು ಸೂಕ್ಷ್ಮವಾಗಿ ನೋಡಿದವನೂ ಇದಕ್ಕೆ ಬರಿಯ ಊರ್ಧ್ವಪ್ರವಾಹ ಸಾಕೆಂದು ಒಪ್ಪಲು ಹಿಂಜರಿದನೆಂಬುದು ಸ್ವಾರಸ್ಯಕರ. ಅವನ ಎಣಿಕೆ ತಪ್ಪಿದ್ದರೂ ಅವನ ಅವಲೋಕನ ಸರಿಯಾಗಿಯೇ ಉಳಿದಿದೆ.

ರೆಕ್ಕೆ ಬಡಿಯುವುದು ಇದಕ್ಕೆ ಅಸಾಧ್ಯವೆಂದಲ್ಲ, ದುಬಾರಿ. ದೇಹ ದೊಡ್ಡದಾದಷ್ಟೂ ಹಾರಲು ಬೇಕಾದ ಶಕ್ತಿ ಸ್ನಾಯುಗಳ ಸಾಮರ್ಥ್ಯವನ್ನು ಮೀರಿ ಬೆಳೆಯುತ್ತದೆ. ನಮ್ಮ ರಣಹದ್ದುಗಳಿಗೆ ದೂರದ ಸಂಬಂಧಿ ಮಾತ್ರವೆನ್ನಬಹುದಾದ ಆಂಡಿಸ್ ಪರ್ವತದ ಕಾಂಡರ್ ಪಕ್ಷಿಗಳ ಮೇಲೆ ಉಪಕರಣಗಳನ್ನು ಕಟ್ಟಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವು ಹಾರಾಟದ ಕಾಲದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ರೆಕ್ಕೆ ಬಡಿದಿದ್ದವು, ಅದರಲ್ಲಿಯೂ ಬಹುಪಾಲು ನೆಲ ಬಿಟ್ಟೇಳುವಾಗ. ಒಂದು ಹಕ್ಕಿ ಐದು ಗಂಟೆಗೂ ಮಿಕ್ಕಿ, ಸುಮಾರು 172 ಕಿಲೋಮೀಟರು ದೂರ, ಒಮ್ಮೆಯೂ ಬಡಿಯದೆ ಸಾಗಿತು.

ಹೆಣವನ್ನೇ ನಂಬಿದ ಪ್ರಾಣಿಗೆ ಈ ಮಿತವ್ಯಯ ಜೀವನಾಧಾರ. ಇಂದು ಎಲ್ಲಿ ಯಾವ ದನ ಸಾಯುವುದೆಂದು ಹೇಳಬರುವಂತಿಲ್ಲ. ದಿನವಿಡೀ ಹುಡುಕಿ ಬರಿಗೈಯಲ್ಲಿ ಮರಳುವುದೂ ಉಂಟು. ಆದರೆ ಅದು ಒಂಟಿಯಾಗಿ ಹುಡುಕುವುದಿಲ್ಲ. ಆಕಾಶದಲ್ಲಿ ದೂರದೂರ ಹರಡಿಕೊಂಡ ಹಕ್ಕಿಗಳು ನೆಲವನ್ನು ನೋಡುವಂತೆಯೇ ಪರಸ್ಪರವನ್ನೂ ನೋಡುತ್ತಿರುತ್ತವೆ. ಒಂದು ಕೆಳಗಿಳಿದರೆ ನೆರೆಯದು ಅತ್ತ ತಿರುಗುತ್ತದೆ, ಅದನ್ನು ಕಂಡು ಮತ್ತೊಂದು. ಯಾವ ಕೂಗೂ ಇಲ್ಲದೆ ಸುದ್ದಿ ಹಲವು ಹರಿದಾರಿ ಹಬ್ಬುತ್ತದೆ.

ಈ ಬಲೆ ನಮ್ಮ ಕಣ್ಣೆದುರಿಗೇ ಹರಿಯಿತು. 1992ರಲ್ಲಿದ್ದ ಬಿಳಿಬೆನ್ನಿನ ರಣಹದ್ದುಗಳಲ್ಲಿ 2007ರ ವೇಳೆಗೆ ಸಾವಿರಕ್ಕೆ ಒಂದರಷ್ಟು ಮಾತ್ರ ಭಾರತದಲ್ಲಿ ಉಳಿದಿದ್ದವು. ಉದ್ದಕೊಕ್ಕಿನವೂ ಬಹುಪಾಲು ಅಳಿದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ಹೆಣದ ಮೂಲಕ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಥಿರಪಟ್ಟಿತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆ 2006ರಲ್ಲಿ ನಿಷೇಧಿತವಾಯಿತು. ಅದೇ ದೋಷವುಳ್ಳ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳು 2023ರಲ್ಲಿ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಇವು ಆಗಲೇಬೇಕಿದ್ದ ಕೆಲಸಗಳು. ಆದರೆ ಕೆಲವೇ ಹಕ್ಕಿಗಳು ಉಳಿದ ಆಕಾಶದಲ್ಲಿ, ಇಳಿಯುವ ನೆರೆಯವನನ್ನು ಕಂಡು ತಿರುಗುವ ಅವಕಾಶವೇ ವಿರಳ. ಪ್ರತಿಯೊಂದೂ ತನ್ನ ಕಣ್ಣಿಗೆ ಬಿದ್ದಷ್ಟನ್ನೇ ನಂಬಬೇಕು. ಬಂಡೆಯ ಗೂಡಿನಲ್ಲಿ ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಮರಿ ಬಲಿತು ತಾನೂ ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು.