ಹಾಲು ಬತ್ತಿದ ದಿನಗಳಿಗೂ ಒಂದು ಬಣವಿ

ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬಿಳಿಜೋಳದ ರಾಶಿ ಮುಗಿದ ಮೇಲೆ ಕಣಿಕೆಯನ್ನು ಬಣವಿ ಒಟ್ಟಿ ಕಾಪಾಡುತ್ತೇವೆ. ಮೇವು ಉಳಿಸುವ ಈ ರೂಢಿಯನ್ನು ಹಾಲಿನ ಬಿಲ್ಲಿಗೂ ತರಬೇಕು.

ಕರು ಹಾಕುವ ಮುಂಚೆ ಸುಮಾರು 60 ದಿನ ಹಾಲು ಹಿಂಡುವುದನ್ನು ನಿಲ್ಲಿಸಬೇಕು. ಆಗ ಬಿಲ್ಲು ಬರುವುದಿಲ್ಲ, ಆದರೆ ಹಿಂಡಿ, ಖನಿಜ ಮಿಶ್ರಣದ ಖರ್ಚು ತಪ್ಪುವುದಿಲ್ಲ. ಗಬ್ಬದ ರಾಸಿಗೆ ಆಹಾರ ಕಡಿಮೆ ಮಾಡಿದರೆ ಮುಂದಿನ ಸೂಲಿನ ಹಾಲಿಗೂ ಪೆಟ್ಟು. ಸಾಲ ಮಾಡಿದರೆ, ತಿಂಗಳಿಗೆ ನೂರಕ್ಕೆ 3 ರೂ. ಬಡ್ಡಿ ಎಂಬುದು ಸಣ್ಣದೆನಿಸಿದರೂ ವರ್ಷಕ್ಕೆ ಶೇ 36 ಆಗುತ್ತದೆ.

ಲೀಟರಿಗೆ ಇಷ್ಟು ಎಂದು ತೆಗೆದಿಡಿ

ಖರ್ಚು ಕಳೆದು ಉಳಿದದ್ದನ್ನು ಇಡುತ್ತೇನೆಂದರೆ ಏನೂ ಉಳಿಯುವುದಿಲ್ಲ. ಬಿಲ್ಲು ಜಮೆಯಾದ ದಿನವೇ ಲೀಟರಿಗೆ 3 ರೂ. ಬೇರೆ ಇಡಿ. ಸರಾಸರಿ 8 ಲೀಟರ್ ಕೊಡುವ ಆಕಳಿನಿಂದ ದಿನಕ್ಕೆ 24 ರೂ., 300 ದಿನಕ್ಕೆ 7,200 ರೂ. ಆಗುತ್ತದೆ. ಹಾಲಿಲ್ಲದ 60 ದಿನಗಳಿಗೆ ಹಂಚಿದರೆ ದಿನಕ್ಕೆ 120 ರೂ. ಹಾಲು ಇಳಿದಂತೆ ತೆಗೆದಿಡುವ ಹಣವೂ ಇಳಿಯುವುದರಿಂದ ಭಾರವೆನಿಸದು.

ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಅದನ್ನು ದಿನದ ಖರ್ಚಿನ ಲೆಕ್ಕಕ್ಕೆ ಹಿಡಿಯದಿದ್ದರೆ ಅದೂ ಉಳಿತಾಯವೇ.

ಎರಡು ಗಂಟು ಮಾಡಿ

ಮೊದಲನೆಯದು ಹಾಲು ಬತ್ತಿದ ದಿನಗಳಿಗೆ. ಇದು ಬೇಕೆಂದಾಗ ಸಿಗುವಂತೆ ನಿಮ್ಮದೇ ಹೆಸರಿನ ಉಳಿತಾಯ ಖಾತೆಯಲ್ಲಿರಲಿ. ಜನಧನ ಖಾತೆಯಲ್ಲಿ ಕನಿಷ್ಠ ಹಣ ಇಡಬೇಕೆಂಬ ನಿಯಮವಿಲ್ಲ.

ಎರಡನೆಯದು ಮಕ್ಕಳ ಓದು, ಇನ್ನೊಂದು ಆಕಳು, ಮನೆಯ ದೊಡ್ಡ ಖರ್ಚಿಗೆ. ಇದಕ್ಕೆ ಅಂಚೆ ಕಚೇರಿಯ 5 ವರ್ಷದ ಆವರ್ತ ಠೇವಣಿ, ಅಂದರೆ ಆರ್.ಡಿ. ಅನುಕೂಲ. ತಿಂಗಳಿಗೆ 100 ರೂ.ನಿಂದ ಆರಂಭಿಸಬಹುದು. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ಶೇ 6.7 ಬಡ್ಡಿಯಲ್ಲಿ ತಿಂಗಳಿಗೆ 500 ರೂ. ಕಟ್ಟಿದರೆ ಕೊನೆಗೆ ಸುಮಾರು 35,680 ರೂ. ಕೈಸೇರುತ್ತದೆ. ಕಟ್ಟಿದ್ದು 30,000 ರೂ. ಖಾತೆ ತೆರೆಯುವ ದಿನದ ಬಡ್ಡಿ ದರವನ್ನು ಕೇಳಿ ತಿಳಿದುಕೊಳ್ಳಿ.

ಕಂತು ತಪ್ಪಿದರೆ ನೂರಕ್ಕೆ 1 ರೂ. ದಂಡವಿದೆ, ನಾಲ್ಕು ಕಂತು ತಪ್ಪಿದರೆ ಖಾತೆ ಸ್ಥಗಿತವಾಗುತ್ತದೆ. ಆದ್ದರಿಂದ ಹಾಲು ನಿಂತ ತಿಂಗಳಲ್ಲೂ ಕಟ್ಟಬಲ್ಲ ಕಂತನ್ನೇ ಆರಿಸಿ. ತಪ್ಪದೆ 12 ಕಂತು ಕಟ್ಟಿ ಒಂದು ವರ್ಷವಾದ ಮೇಲೆ, ಜಮೆಯಾದ ಹಣದ ಅರ್ಧದವರೆಗೆ ಆ ಖಾತೆಯ ಮೇಲೆಯೇ ಸಾಲ ಸಿಗುತ್ತದೆ. ಅದರ ಬಡ್ಡಿ ಆರ್.ಡಿ. ದರಕ್ಕಿಂತ ಶೇ 2ರಷ್ಟು ಮಾತ್ರ ಹೆಚ್ಚು. ಶೇ 36ರ ಕೈಸಾಲದ ಮುಂದೆ ಇದು ಎಷ್ಟೋ ಹಗುರ.

ಎಲ್ಲಿ ಇಡುತ್ತೀರಿ ಎಂಬುದನ್ನೂ ನೋಡಿ

ಸಹಕಾರಿ ಬ್ಯಾಂಕುಗಳೂ ಸೇರಿ ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಹೆಚ್ಚು ಬಡ್ಡಿಯ ಆಸೆಗೆ ಎಲ್ಲ ಹಣವನ್ನೂ ಒಂದೇ ಕಡೆ ಇಡಬೇಡಿ. ಎಲ್ಲಿಟ್ಟರೂ ರಸೀದಿ ಪಡೆಯಿರಿ, ನಾಮಿನಿ ಹೆಸರು ಬರೆಸಿರಿ, ಪಾಸ್‌ಬುಕ್ ನಿಮ್ಮ ಕೈಯಲ್ಲೇ ಇರಲಿ.

ವಿಜಯಪುರ ನಗರದಲ್ಲಿ ಎರಡು ಎಮ್ಮೆ ಕಟ್ಟಿದವರಿಗೂ ಹಳ್ಳಿಯಲ್ಲಿ ಒಂದೇ ಆಕಳು ಸಾಕಿದವರಿಗೂ ಈ ಲೆಕ್ಕ ಒಂದೇ. ಮುಂದಿನ ಬಿಲ್ಲು ಬಂದ ದಿನ ಲೀಟರಿಗೆ 1 ರೂ. ಆದರೂ ತೆಗೆದಿಟ್ಟು ಆರಂಭಿಸಿ.