ಸಹಜವಾದ ಕೂದಲು, ಬಣ್ಣದ ಕೂದಲು

ಕಾರವಾರ, ಅಂಕೋಲೆಗಳ ಕಡಲತೀರದಲ್ಲಿ ದಿನವಿಡೀ ಬಿಸಿಲಿನಲ್ಲಿ ದುಡಿಯುವವರ ಕೆಂಚುಗೂದಲನ್ನು ನೋಡಿ, ಮದರಂಗಿ ಹಚ್ಚಿರಬೇಕೆಂದು ಪಟ್ಟಣಿಗರು ಭಾವಿಸಬಹುದು. ಬುಡವನ್ನು ಪರೀಕ್ಷಿಸಿದರೆ ಸಂದೇಹ ಪರಿಹಾರವಾಗುವುದು. ಕೂದಲಿನ ಸಹಜವರ್ಣವು ಬೇರಿನಲ್ಲಿಯೇ ಉತ್ಪನ್ನವಾಗಿ ಎಳೆಯೊಳಗೆ ಸೇರಿರುತ್ತದೆ. ಬಿಸಿಲು ಅದನ್ನು ಕ್ರಮೇಣ ಕೆಡಿಸುವುದರಿಂದ ಹಳೆಯದಾದ ತುದಿ ಕೆಂಚು, ಹೊಸದಾದ ಬುಡ ಕಪ್ಪು. ಬಣ್ಣವೇರಿಸಿದ ನರೆಗೂದಲಿನಲ್ಲಿ ಇದು ತಲೆಕೆಳಗು: ತುದಿ ಕಪ್ಪು, ಬುಡ ಬಿಳಿ. ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುವ ಕೂದಲು ಗುಟ್ಟನ್ನು ಎಷ್ಟು ದಿನ ಕಾಯ್ದೀತು!

ಮದರಂಗಿಯ ಕೆಂಪು ಹೆಚ್ಚಾಗಿ ಹೊರಪದರಕ್ಕೆ ಅಂಟುವುದು. ಅಂಗಡಿಯ ಶಾಶ್ವತ ಕಪ್ಪಾದರೋ ಹೊರಪೊರೆಯನ್ನು ಸಡಿಲಿಸಿ ಒಳಹೊಕ್ಕು ನೆಲೆಸುತ್ತದೆ. ಎಳೆ ಒರಟಾಗುವುದು ಇದರಿಂದಲೇ. ಇಂಥ ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪ್ಯಾರಾಫೆನಿಲೀನ್‌ಡೈಅಮೀನ್ ಕೆಲವರ ಚರ್ಮಕ್ಕೆ ಒಗ್ಗದು. ಮುಖ ಬಾತು ಕಣ್ಣು ಮುಚ್ಚುವುದೂ ಉಂಟು. ‘ಕಪ್ಪು ಮದರಂಗಿ’ಯೆಂಬ ಸಾಧುನಾಮದ ಪುಡಿಗಳಲ್ಲಿಯೂ ಇದನ್ನು ಬೆರೆಸುವುದುಂಟು. ಆದುದರಿಂದ 48 ಗಂಟೆ ಮುಂಚಿತವಾಗಿ ತೋಳಿನ ಮೇಲೆ ತುಸು ಹಚ್ಚಿ ನೋಡತಕ್ಕದ್ದು.